ಅಕ್ಕ ಗುಂಡಿಯಾದ ಮಧ್ಯಾಹ್ನ

ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದ ಹೆಂಗಸಿಗೆ ಇನ್ನೊಬ್ಬರ ಪಕ್ಕದ ಸೀಟಿನಲ್ಲಿ ಕೂರುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅದರಲ್ಲೂ ಓಡಿಸುತ್ತಿರುವವಳು ಒಡಹುಟ್ಟಿದ ತಂಗಿಯಾಗಿದ್ದು, ಆ ತಂಗಿ ತಿರುವು ಬಂದಾಗಲೆಲ್ಲ ಇಂಡಿಕೇಟರ್ ಬದಲು ವೈಪರ್ ಹಾಕುವವಳಾಗಿದ್ದರೆ ಕೇಳುವುದೇ ಬೇಡ.

"ಗೇರ್ ಇಳಿಸು."

"ಇಳಿಸಿದೀನಿ ಅಕ್ಕ."

"ಇಳಿಸಿಲ್ಲ. ಎಂಜಿನ್ ಅಳ್ತಾ ಇದೆ, ಕೇಳಿಸ್ತಿಲ್ವಾ?"

"ಅಳಲಿ ಬಿಡು. ನಾವು ಹೋಗ್ತಿರೋದು ನಿನ್ನ ಚಿಕಿತ್ಸೆಗೆ, ಅದರದ್ದಲ್ಲ."

ತಂಗಿಗೆ ಮಾತ್ರವಲ್ಲ, ಡಿಪೋದಲ್ಲಿ ಎಲ್ಲರಿಗೂ ಆಕೆ ಅಕ್ಕನೇ. ಆಕೆಗಿಂತ ಆರು ವರ್ಷ ದೊಡ್ಡವರಾದ ಮ್ಯಾನೇಜರ್ ಕೂಡ ಅಕ್ಕ ಎಂದೇ ಕರೆಯುತ್ತಿದ್ದರು. ಆಕೆ ನಕ್ಕರೆ ಬಸ್ಸಿನ ಕೊನೆಯ ಸೀಟಿನಲ್ಲಿ ತೂಕಡಿಸುತ್ತಿದ್ದವರೂ ಕಣ್ಣು ಬಿಡುತ್ತಿದ್ದರು. ಆ ನಗು ಎರಡು ವರ್ಷದ ಹಿಂದೆ ನಿಂತುಹೋಗಿತ್ತು. ಯಾರೂ ಸತ್ತಿರಲಿಲ್ಲ, ಏನೂ ಕಳೆದುಹೋಗಿರಲಿಲ್ಲ. ಒಂದು ಬೆಳಿಗ್ಗೆ ಎದ್ದಾಗ ಮುಖ ತೊಳೆಯುವುದೂ ಗುಡ್ಡ ಹತ್ತಿದಷ್ಟು ಭಾರವಾಗಿತ್ತು, ಅಷ್ಟೇ. ಆಮೇಲೆ ದಿನಾ ಹಾಗೆಯೇ. ಆರು ತಿಂಗಳು ಹೇಗೋ ತಳ್ಳಿದಳು. ಒಂದು ದಿನ ಸಿಗ್ನಲ್ ಹಸಿರಾದರೂ ಬಸ್ಸು ಕದಲಲಿಲ್ಲ. ನಿದ್ದೆ ಬಂದಿರಲಿಲ್ಲ, ತಲೆ ಸುತ್ತಿರಲಿಲ್ಲ, ಮುಂದೆ ಯಾಕೆ ಹೋಗಬೇಕು ಎನ್ನುವುದೇ ಆಕೆಗೆ ತೋಚಲಿಲ್ಲ. ಹಿಂದಿನಿಂದ ಹಾರ್ನ್‌ಗಳ ಮೇಲೆ ಹಾರ್ನ್. ಮರುದಿನ ರಜೆ ಅರ್ಜಿ ಕೊಟ್ಟು ಮನೆ ಸೇರಿದಳು.

ಮಾತ್ರೆಗಳನ್ನು ಮೂರು ಸಲ ಬದಲಾಯಿಸಿದರು. ಒಂದು ಹಗಲೂ ನಿದ್ದೆ ಬರಿಸಿತು, ಒಂದು ಮೈ ಊದಿಸಿತು, ಮೂರನೆಯದು ಇದ್ದೂ ಇಲ್ಲದ ಹಾಗೆ ಇತ್ತು. ಆಗ ಮನೋವೈದ್ಯರು ಕೆಟಮಿನ್ ಮಾತು ಎತ್ತಿದರು.

"ಆಪರೇಷನ್ನಿಗೆ ಮೊದಲು ಜ್ಞಾನ ತಪ್ಪಿಸೋಕೆ ಕೊಡೋ ಔಷಧಿ ಇದು. ಕಡಿಮೆ ಕೊಟ್ರೆ ಜ್ಞಾನ ಪೂರ್ತಿ ತಪ್ಪಲ್ಲ, ಮನಸ್ಸು ಮೈಯಿಂದ ಸ್ವಲ್ಪ ಆಚೆ ಸರಿದ ಹಾಗಾಗುತ್ತೆ. ಅದರ ಜೊತೆಗೆ ಮಾತು. ಔಷಧಿ ಅರ್ಧ, ಮಾತು ಅರ್ಧ. ಎಲ್ಲರಿಗೂ ಗುಣ ಆಗುತ್ತೆ ಅಂತ ನಾನು ಹೇಳಲ್ಲ."

ಕೊನೆಯ ಮಾತೇ ಅಕ್ಕನಿಗೆ ಹಿಡಿಸಿದ್ದು. ಖಂಡಿತ ಗುಣವಾಗುತ್ತದೆ ಎಂದಿದ್ದರೆ ಎದ್ದು ಬಂದುಬಿಡುತ್ತಿದ್ದಳು.

ಔಷಧಿಗೆ ಮೊದಲು ಎರಡು ಸಲ ಬರೀ ಮಾತು. ಚಿಕಿತ್ಸಕಿ ನರೆಗೂದಲಿನ ಹೆಂಗಸು. ಒಂದು ಕಾಲಿಗೆ ಹಸಿರು ಕಾಲುಚೀಲ, ಇನ್ನೊಂದಕ್ಕೆ ಕಂದು. ಅದನ್ನು ಕಂಡು ಅಕ್ಕನಿಗೆ ಅರ್ಧ ಧೈರ್ಯ ಬಂತು.

"ಯಾವುದಕ್ಕೆ ಹೆದರಿಕೆ ನಿಮಗೆ?" ಎಂದು ಚಿಕಿತ್ಸಕಿ ಕೇಳಿದರು.

"ಸ್ಟಿಯರಿಂಗ್ ಬಿಡೋದಕ್ಕೆ."

ಚಿಕಿತ್ಸಕಿ ನಗಲಿಲ್ಲ. ಬರೆದುಕೊಂಡರು. ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದರು: ಔಷಧಿ ಕೊಡುವುದಕ್ಕೆ ನಾಲ್ಕು ಗಂಟೆ ಮೊದಲಿಂದ ಏನೂ ತಿನ್ನುವಂತಿಲ್ಲ. ತೋಳಿಗೆ ಒಂದು ಇಂಜೆಕ್ಷನ್. ಅದರ ಪರಿಣಾಮ ಸುಮಾರು ಒಂದು ಗಂಟೆ. ಮೈ ತೇಲಿದ ಹಾಗಾಗಬಹುದು, ಕಲ್ಲಿನ ಹಾಗೆ ಭಾರವೂ ಆಗಬಹುದು. ಗೋಡೆ ದೂರ ಹೋಗಬಹುದು. ವಾಂತಿ ಬಂದರೆ ಬೇಸಿನ್ ಪಕ್ಕದಲ್ಲೇ ಇರುತ್ತದೆ. ಹೆದರಿಕೆಯಾದರೆ ಕೈ ಎತ್ತಿದರೆ ಸಾಕು.

"ಮತ್ತೆ ಮಾರನೇ ದಿನದವರೆಗೆ ನೀವು ಯಾವ ಗಾಡಿಯನ್ನೂ ಮುಟ್ಟಬಾರದು."

"ಅಂದ್ರೆ ತಂಗಿ ಓಡಿಸಬೇಕಾ?" ಎಂದಳು ಅಕ್ಕ. "ಮೇಡಂ, ಅಪಾಯಗಳ ಪಟ್ಟಿಯಲ್ಲಿ ಇದನ್ನ ಮೊದಲು ಹೇಳಬೇಕಿತ್ತು."

ಹೀಗೆ ಆ ಮಧ್ಯಾಹ್ನ ವೈಪರ್ ಆಡಿಸುತ್ತ ಇಬ್ಬರೂ ಬಂದು ಸೇರಿದರು. ತಂಗಿ ದರ್ಜಿ. ಹೊರಗಿನ ಬೆಂಚಿನಲ್ಲಿ ಯಾರದ್ದೋ ಅಂಗಿಗೆ ಕಾಜಾ ಹೊಲಿಯುತ್ತ ಕೂತಳು. ಒಳಗೆ ದಪ್ಪ ಪರದೆ, ಹಿಂದಕ್ಕೆ ಬಾಗುವ ಕುರ್ಚಿ, ಹೊದಿಕೆ, ಬಿ.ಪಿ. ಯಂತ್ರ. ಅಕ್ಕ ಕುರ್ಚಿಯ ಹಿಡಿ ಎಳೆದು ಮೂರು ಸಲ ಹಿಂದೆ ಮುಂದೆ ಮಾಡಿ ನೋಡಿದಳು.

"ಹಾರ್ನ್ ಒಂದಿಲ್ಲ ನೋಡಿ ಇದಕ್ಕೆ," ಎಂದಳು ನರ್ಸು, ತೋಳಿಗೆ ಪಟ್ಟಿ ಸುತ್ತುತ್ತ.

ಇಂಜೆಕ್ಷನ್ ಆಯಿತು. ಕಣ್ಣಿಗೆ ಪಟ್ಟಿ, ಕಿವಿಗೆ ಮೆಲ್ಲಗೆ ತಂತಿವಾದ್ಯ. ಮೊದಲು ಏನೂ ಆಗಲಿಲ್ಲ. ಸುಮ್ಮನೆ ದಂಡ ಎಂದುಕೊಂಡಳು. ಅಷ್ಟರಲ್ಲಿ ಕಾಲ್ಬೆರಳುಗಳು ಎಲ್ಲೋ ದೂರದ ಬೀದಿಯಲ್ಲಿದ್ದಂತೆ ಅನಿಸಿತು. ಕೈ ಹುಡುಕಿದಳು, ಸಿಗಲಿಲ್ಲ. ಕೈ ಎತ್ತಬೇಕು, ಆದರೆ ಕೈ ಎಲ್ಲಿದೆ? ಎತ್ತಿದಳೋ ಇಲ್ಲವೋ ಗೊತ್ತಿಲ್ಲ, ಬೆಚ್ಚಗಿನ ಅಂಗೈಯೊಂದು ಬಂದು ಹಿಡಿದುಕೊಂಡಿತು. "ಇಲ್ಲೇ ಇದೀನಿ," ಎಂಬ ದನಿ.

ಆಮೇಲೆ ಆಕೆ ದುಂಡಗಾದಳು. ಸಣ್ಣಗೆ, ನುಣ್ಣಗೆ, ನಡುವೆ ನಾಲ್ಕು ತೂತು. ತಂಗಿಯ ತಗಡಿನ ಡಬ್ಬಿಯೊಳಗೆ ಬಿಳಿಯದು, ಕರಿಯದು, ಒಡೆದದ್ದು, ಹೊಳೆಯುವುದು ಸಾವಿರಾರು ಇದ್ದವು, ಅವುಗಳಲ್ಲಿ ಆಕೆಯೂ ಒಬ್ಬಳು. ಯಾರೋ ಕೈ ಹಾಕಿ ಕಲಕಿದರು. ಎಲ್ಲರೂ ಗಲಗಲ ಎಂದು ಒಬ್ಬರ ಮೇಲೊಬ್ಬರು ಉರುಳಿದರು. ಎಷ್ಟು ಹಿತವಾಗಿತ್ತೆಂದರೆ ಇನ್ನೊಂದು ಸಲ ಕಲಕಲಿ ಎಂದು ಕಾದಳು.

ಕಣ್ಣುಪಟ್ಟಿ ತೆಗೆದಾಗ ನಾಲಿಗೆ ದಪ್ಪವಾಗಿತ್ತು. ಚಿಕಿತ್ಸಕಿ ನೀರು ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ ಕೇಳಿದರು.

"ಮೂರು ಸಲ 'ಗುಂಡಿ' ಅಂದ್ರಿ. ಬಿದ್ದ ಹಾಗಾಯ್ತಾ? ತುಂಬಾ ಆಳ ಇತ್ತಾ?"

"ಆಳ ಎಲ್ಲಿಂದ ಬಂತು ಮೇಡಂ? ಇಷ್ಟೇ ಇಷ್ಟು," ಎಂದು ಅಕ್ಕ ಎರಡು ಬೆರಳು ಜೋಡಿಸಿ ತೋರಿಸಿದಳು.

"ಅಷ್ಟು ಸಣ್ಣ ಗುಂಡಿಯೊಳಗೆ ಹೇಗೆ ಹೋದ್ರಿ?"

"ಒಳಗೆ ಹೋಗ್ಲಿಲ್ಲ. ನಾನೇ ಗುಂಡಿ."

ಚಿಕಿತ್ಸಕಿಯ ಪೆನ್ನು ನಿಂತಿತು. ಅಷ್ಟರಲ್ಲಿ ಒಳಗೆ ಬಂದ ತಂಗಿಗೆ ಕೊನೆಯ ಮಾತಷ್ಟೇ ಕೇಳಿಸಿತ್ತು. "ಅಯ್ಯಯ್ಯೋ, ಇಷ್ಟು ವರ್ಷ ರಸ್ತೆ ಗುಂಡಿ ತಪ್ಪಿಸಿ ತಪ್ಪಿಸಿ ಕೊನೆಗೆ ನೀನೇ..."

"ರಸ್ತೆದಲ್ಲ ಕಣೇ, ಅಂಗಿದು! ನಿನ್ನ ಡಬ್ಬಿದು!"

ಅಷ್ಟು ಹೇಳಿದ್ದೇ ತಡ, ಹೊಟ್ಟೆಯ ಬುಡದಿಂದ ಏನೋ ಉಕ್ಕಿ ಬಂತು. ಕೆಮ್ಮು ಎಂದುಕೊಂಡಳು. ಕೆಮ್ಮಲ್ಲ, ನಗು. ಕುರ್ಚಿ ಅಲುಗಾಡಿತು. ನರ್ಸು ಬಾಗಿಲಲ್ಲಿ ಇಣುಕಿದಳು. ತಂಗಿ ನಗುತ್ತ ನಗುತ್ತ ಅಳತೊಡಗಿದಳು. ಎರಡು ವರ್ಷದಿಂದ ಆ ಸದ್ದಿಗೆ ಕಾದು ಕೂತಿದ್ದವಳು ಅವಳೇ.

ಮನೆಗೆ ಹೋಗುವಾಗ ತಂಗಿ ದಾರಿಯುದ್ದಕ್ಕೂ ಎರಡನೇ ಗೇರಿನಲ್ಲೇ ಓಡಿಸಿದಳು. ಅಕ್ಕ ಕಿಟಕಿಗೆ ತಲೆ ಆನಿಸಿ ಅಂಗಡಿಗಳನ್ನು ನೋಡುತ್ತಿದ್ದಳು, ಒಂದು ಮಾತೂ ಆಡಲಿಲ್ಲ.

"ಅಕ್ಕ, ಏನಾದ್ರೂ ಬೈಯೇ. ಭಯ ಆಗ್ತಿದೆ."

ಅಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮೂರನೇ ದಿನ ಭಾರ ಮತ್ತೆ ಬಂದು ಎದೆಯ ಮೇಲೆ ಕೂತಿತು. ಆದರೆ ಈ ಸಲ ಮಾತಾಡುವುದಕ್ಕೆ ಒಂದು ಎಳೆ ಸಿಕ್ಕಿತ್ತು.

"ಡಬ್ಬಿಯೊಳಗೆ ಏನು ಅಷ್ಟು ಚೆನ್ನಾಗಿತ್ತು?" ಎಂದು ಮುಂದಿನ ಭೇಟಿಯಲ್ಲಿ ಚಿಕಿತ್ಸಕಿ ಕೇಳಿದರು.

"ನನ್ನನ್ನ ಯಾವುದಕ್ಕೂ ಹೊಲಿದಿರಲಿಲ್ಲ. ಏನನ್ನೂ ಹಿಡಿದುಕೊಂಡಿರಬೇಕಾಗಿರಲಿಲ್ಲ."

ಆಮೇಲೆ ಮಾತು ತಾನಾಗಿ ಹರಿಯಿತು. ಅಪ್ಪ ಹೋದಾಗ ಆಕೆಗೆ ಹತ್ತೊಂಬತ್ತು. ಅಮ್ಮ ಮೂಲೆ ಹಿಡಿದಿದ್ದರು, ತಂಗಿ ಇನ್ನೂ ಶಾಲೆ. ಅವತ್ತು ಬಾಗಿಲಲ್ಲಿ ನಿಂತು "ನಾನಿದೀನಲ್ಲ" ಎಂದಿದ್ದಳು. ಆ ಮಾತನ್ನು ಮನೆಯಲ್ಲಿ, ಡಿಪೋದಲ್ಲಿ, ಕೇಳಿದವರಿಗೆ, ಕೇಳದವರಿಗೆ ಮೂವತ್ತೆರಡು ವರ್ಷ ಹೇಳುತ್ತಲೇ ಬಂದಿದ್ದಳು.

ಎರಡನೇ ಸಲದ ಔಷಧಿಯಲ್ಲಿ ನಗುವಂಥದ್ದೇನೂ ಇರಲಿಲ್ಲ. ಬೇಸಿನ್ ಬೇಕಾಯಿತು. ಅಪ್ಪ ಬಂದು ಪಕ್ಕದಲ್ಲಿ ಕೂತರು. ಅವತ್ತು ಅಳುವುದಕ್ಕೆ ಪುರಸೊತ್ತಿಲ್ಲದೆ ಬಿಟ್ಟದ್ದನ್ನೆಲ್ಲ ಅಕ್ಕ ಈಗ ಅತ್ತಳು. ಮೂರನೇ ಸಲ ಬರೀ ನೀಲಿ ಬಣ್ಣ. ನಾಲ್ಕನೇ ಸಲ ಗೊರಕೆ ಹೊಡೆದು ನಿದ್ದೆ ಮಾಡಿಬಿಟ್ಟಳು. "ದರ್ಶನಗಿರ್ಶನ ಏನೂ ಆಗ್ಲಿಲ್ಲ ಮೇಡಂ," ಎಂದು ನಾಚಿಕೊಂಡಳು. "ನಿದ್ದೆ ಚೆನ್ನಾಗಿತ್ತಾ?" ಎಂದರು ಚಿಕಿತ್ಸಕಿ. ತುಂಬಾ ಚೆನ್ನಾಗಿತ್ತು.

ಆರು ಸಲ ಮುಗಿಯುವ ಹೊತ್ತಿಗೆ ಊಟಕ್ಕೆ ರುಚಿ ಬಂದಿತ್ತು. ಪಕ್ಕದ ಮನೆಯವರ ರೇಡಿಯೋ ಜೋರಾಯಿತೆಂದು ಜಗಳವಾಡಿದಳು, ಆಡಿ ಬಂದು ಖುಷಿಪಟ್ಟಳು. ಇನ್ನೂ ಎರಡು ತಿಂಗಳು ಮಾತಿಗೆ ಹೋದಳು. ಆಮೇಲೆ ಡಾಕ್ಟರು ಪರೀಕ್ಷೆ ಮಾಡಿ ಬಸ್ಸು ಓಡಿಸಬಹುದೆಂದು ಚೀಟಿ ಬರೆದುಕೊಟ್ಟರು, ಡಿಪೋಗೆ ಹೋದಳು. ಮೆಕ್ಯಾನಿಕ್‌ಗಳು ಕೈಯ ಎಣ್ಣೆ ಒರೆಸಿಕೊಳ್ಳದೆಯೇ ಓಡಿ ಬಂದರು.

ಮೊದಲ ವಾರವೇ ಮ್ಯಾನೇಜರ್ ಹತ್ತಿರ ಬಂದು ತಲೆ ಕೆರೆದುಕೊಂಡರು. "ಅಕ್ಕ, ಭಾನುವಾರ ಇಬ್ಬರು ರಜೆ ಹಾಕಿದಾರೆ. ನೀವಿದೀರಲ್ಲ..."

"ಆಗಲ್ಲ ಸಾರ್."

"ಏನಂದ್ರಿ?"

"ಆಗಲ್ಲ ಅಂದೆ."

ಈ ಉತ್ತರ ಇಬ್ಬರಿಗೂ ಹೊಸದು. ಕೊನೆಗೆ ಮ್ಯಾನೇಜರ್, "ಸರಿ ಹಂಗಾದ್ರೆ," ಎಂದು ಹೋದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಭಾನುವಾರ ಹತ್ತು ಗಂಟೆಗೆ ತಂಗಿಯ ಮನೆ ಬಾಗಿಲು ತಟ್ಟಿದಳು. ಆ ಮನೆಗೆ ಆಕೆ ಯಾವತ್ತೂ ತರಕಾರಿ ಚೀಲವೋ, ನಲ್ಲಿ ರಿಪೇರಿಗೆ ಸ್ಪ್ಯಾನರೋ ಇಲ್ಲದೆ ಬಂದದ್ದೇ ಇಲ್ಲ. ತಂಗಿ ಬಾಗಿಲು ತೆರೆದು ಅಕ್ಕನ ಕೈ ನೋಡಿದಳು, ಬೆನ್ನ ಹಿಂದೆ ಬಗ್ಗಿ ನೋಡಿದಳು.

"ಏನೂ ತಂದಿಲ್ವಾ?"

"ಇಲ್ಲ. ತಿನ್ನೋಕೆ ಬಂದಿದೀನಿ. ಏನು ಮಾಡಿದೀಯ?"

"ಏನೂ ಮಾಡಿಲ್ಲ ಕಣೇ, ಇನ್ನೂ ಹಲ್ಲೇ ಉಜ್ಜಿಲ್ಲ!"

"ಹೋಗಿ ಉಜ್ಜು," ಎಂದ ಅಕ್ಕ ಕಿಟಕಿ ಪಕ್ಕದ ಒಳ್ಳೆ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು. "ನಂಗೇನೂ ಅವಸರ ಇಲ್ಲ."