ಶೆಟ್ಟರ ಅಂಗಡಿಯ ಮೌನವ್ರತ

ಸಂತೆಪೇಟೆಯಲ್ಲಿ ಲಕ್ಷ್ಮೀನರಸಿಂಹ ಶೆಟ್ಟರ ದಿನಸಿ ಅಂಗಡಿಯಷ್ಟು ಭಕ್ತಿವಂತ ಅಂಗಡಿ ಇನ್ನೊಂದಿಲ್ಲ ಎಂದು ಗಿರಾಕಿಗಳೆಲ್ಲ ಹೇಳುತ್ತಿದ್ದರು. ಮುಂದೆ ಶೆಟ್ಟರು ತಕ್ಕಡಿ ಹಿಡಿದು ಬೇಳೆ ತೂಗುತ್ತಿದ್ದರೆ, ಹಿಂದಿನ ಕೋಣೆಯಿಂದ ಹೆಂಗಸರು ದೇವರನಾಮ ಹಾಡುವುದು ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೂ ಕೇಳುತ್ತಿತ್ತು. ಚಾಮುಂಡಿಪುರದ ವಕೀಲರ ಹೆಂಡತಿ ಗಿರಿಜಾಂಬಾ ಅವರಂತೂ ಅರ್ಧ ಸೇರು ಉದ್ದಿನಬೇಳೆಗೆಂದು ಬಂದು ಅರ್ಧ ಗಂಟೆ ನಿಂತು, ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

ಈ ಭಕ್ತಿ ಎಲ್ಲಿ ಹುಟ್ಟಿತೆಂಬುದು ಒಳಗೆ ಕೂತು ಹಾಡುತ್ತಿದ್ದ ಶಿವನಂಜಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ದ್ರಾಕ್ಷಿ, ಗೋಡಂಬಿ, ಕೊಬ್ಬರಿ ಆರಿಸಿ ಪೊಟ್ಟಣ ಕಟ್ಟುವುದು ಅವಳದೂ ಪ್ರೇಮಮ್ಮನದೂ ಕೆಲಸ. ಹಾಡುವ ಬಾಯಿ ಅಗಿಯಲಾರದು ಎಂಬುದು ಶೆಟ್ಟರು ತಾವಾಗಿಯೇ ಕಂಡುಕೊಂಡಿದ್ದ ಪರಮಸತ್ಯ. ಒಳಗೆ ಹಾಡು ನಿಂತಿತೋ, ದ್ರಾಕ್ಷಿ ಗಂಟಲಿಗಿಳಿಯಿತೆಂದೇ ಅವರ ನಂಬಿಕೆ.

"ಏನ್ರಮ್ಮಾ, ದೇವರು ಮಲಗಿಬಿಟ್ಟನೇನು ಒಳಗೆ?"

"ಉಸಿರು ತಗೋತಾ ಇದೀವಿ ಕಣ್ರೀ ಶೆಟ್ರೆ!"

"ಒಬ್ಬರು ತಗೊಳ್ಳುವಾಗ ಇನ್ನೊಬ್ಬರು ಹಾಡಿ. ಇಬ್ಬರಿಗೂ ಒಟ್ಟಿಗೇ ಉಸಿರು ಯಾಕೆ?"

ಆ ಕೋಣೆಗೆ ಕಿಟಕಿ ಇರಲಿಲ್ಲ. ಕೂರಲು ಗೋಣಿತಾಟು. ಮಧ್ಯಾಹ್ನದ ಮುದ್ದೆಯನ್ನು ಹಿತ್ತಿಲ ಬಾಗಿಲಲ್ಲಿ ನಿಂತುಕೊಂಡೇ ನುಂಗಬೇಕು. ಸಂಜೆ ಮನೆಗೆ ಹೊರಡುವಾಗ ಸೆರಗು ಕೊಡವಿ, ಬಾಯಿ ತೆರೆದು ತೋರಿಸಬೇಕು. ಮೂಟೆ ಹೊರುವ ಕಾಳಯ್ಯನೊಬ್ಬನಿಗೆ ಮಾತ್ರ ಹಾಡುವುದರಿಂದ ವಿನಾಯಿತಿ. ಬೆನ್ನ ಮೇಲೆ ಪಲ್ಲ ಅಕ್ಕಿ ಹೊತ್ತವನಿಗೆ ಕದಿಯಲು ಕೈಯೆಲ್ಲಿ ಬಿಡುವು?

ಗೌರಿ ಹಬ್ಬಕ್ಕೆ ಎಂಟು ದಿನವಿದೆ ಎನ್ನುವಾಗ ಶೆಟ್ಟರು ಒಂದು ಮೂಟೆ ಬ್ಯಾಡಗಿ ಮೆಣಸಿನಕಾಯಿಯನ್ನೂ ಅದೇ ಕೋಣೆಗೆ ಉರುಳಿಸಿದರು. ಶಿವನಂಜಮ್ಮ ಮೂರು ದಿನ ಅದರ ತೊಟ್ಟು ಮುರಿದಳು, ಜೊತೆಗೆ ಹಾಡಿದಳು. ನಾಲ್ಕನೆಯ ಬೆಳಿಗ್ಗೆ ಎದ್ದು ನೋಡಿದರೆ ಗಂಟಲೇ ಇಲ್ಲ. ಗಾಳಿ ಮಾತ್ರ ಬಂತು.

"ಇಪ್ಪತ್ತು ವರ್ಸದಿಂದ ಹರಕೆ ಹೊತ್ತಿದ್ದೆ ಕಣೆ, ಇವತ್ತು ದೇವ್ರು ಕಣ್ಬುಟ್ಟ," ಎಂದ ಗಂಡ ನಿಂಗಯ್ಯ. ಶಿವನಂಜಮ್ಮ ಸೌಟು ಎತ್ತಿದಳು. ನಿಂಗಯ್ಯ ನಗು ನಿಲ್ಲಿಸಿದ. ಅವನ ಜಟಕಾ ಕುದುರೆ ಕುಂಟತೊಡಗಿ ಐದು ತಿಂಗಳಾಗಿತ್ತು. ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಇವಳ ಹಾಡಿನಿಂದಲೇ.

ಅಂಗಡಿಯಲ್ಲಿ ಶೆಟ್ಟರು ಅವಳ ಬಾಯಿಯನ್ನು ಹುಳುಕು ಅವರೆಕಾಳು ನೋಡುವಂತೆ ನೋಡಿದರು.

"ಹಾಡಕ್ಕಾಗಲ್ಲ ಅಂದ್ರೆ ಮನೇಲಿರಮ್ಮ. ಇಲವಾಲದಿಂದ ದಿನಾ ಹತ್ತು ಜನ ಬಂದು ಕೆಲಸ ಕೇಳ್ತಾರೆ, ಗಂಟಲು ಗಟ್ಟಿಯಾಗಿರೋರು."

ಪ್ರೇಮಮ್ಮ ಅಡ್ಡ ಬಂದಳು. "ಅವಳ ಪಾಲಿಂದೂ ನಾನೇ ಆಡ್ತೀನಿ, ಬುಡಿ ಶೆಟ್ರೆ."

"ನೀನು ಹಾಡಿದರೆ ನಿನ್ನ ಬಾಯಿಗೆ ಜವಾಬು ಆಯ್ತು. ಇವಳ ಬಾಯಿಗೆ ಯಾರಮ್ಮ ಜವಾಬು?"

ಶೆಟ್ಟರು ಗಲ್ಲ ತುರಿಸಿಕೊಂಡು ಯೋಚಿಸಿದರು. ಆಮೇಲೆ ಒಂದು ಚೊಂಬು ನೀರು ತರಿಸಿದರು. "ಬಾಯ್ತುಂಬ ಹಿಡ್ಕೋ. ಊಟದ ಹೊತ್ತಿಗೆ ನನ್ನೆದುರಿಗೇ ಉಗೀಬೇಕು. ನೀರಿಲ್ಲದ ಬಾಯಿ ತಗೊಂಡು ಬಂದ್ಯೋ, ಹಾಗೇ ಮನೆ ಕಡೆ ನಡಿ."

ಕೆನ್ನೆ ಉಬ್ಬಿಸಿಕೊಂಡು ಶಿವನಂಜಮ್ಮ ದ್ರಾಕ್ಷಿ ಆರಿಸತೊಡಗಿದಳು. ಮೆಣಸಿನಕಾಯಿ ಘಾಟಿಗೆ ಸೀನು ಮೂಗಿನ ತುದಿಗೆ ಬರುತ್ತಿತ್ತು. ಮೂಗು ಹಿಂಡಿಕೊಂಡು ತಡೆಯುತ್ತಿದ್ದಳು. ಇತ್ತ ಪ್ರೇಮಮ್ಮ ದೇವರ ಹೆಸರಿದ್ದ ಕಡೆಯಲ್ಲೆಲ್ಲ ಶೆಟ್ಟರ ಹೊಟ್ಟೆಯನ್ನು ಸೇರಿಸಿ ರಾಗವಾಗಿ ಹಾಡುತ್ತಿದ್ದಳು. ನಗು ಬಂದರೆ ನೀರು ಹೋಗುತ್ತದೆ, ನೀರು ಹೋದರೆ ಕೆಲಸ ಹೋಗುತ್ತದೆ. ಶಿವನಂಜಮ್ಮ ಅವಳ ತೊಡೆಯನ್ನು ಬಲವಾಗಿ ಚಿವುಟಿದಳು. ಹಾಡು ತಾರಸ್ಥಾಯಿಗೆ ಏರಿತು.

ಅಷ್ಟರಲ್ಲಿ ಗಿರಿಜಾಂಬಾ ಬಂದರು.

"ಶೆಟ್ರೇ, ಇವತ್ತು ಒಂದೇ ಗಂಟಲು ಕೇಳ್ತಾ ಇದೆಯಲ್ಲ? ಕಂಚಿನ ಕಂಠದವಳು ಎಲ್ಲಿ?" ಎನ್ನುತ್ತ, ಉತ್ತರಕ್ಕೂ ಕಾಯದೆ ಹಿಂದಿನ ಕೋಣೆಗೆ ನಡೆದೇಬಿಟ್ಟರು. ಶೆಟ್ಟರು ತಕ್ಕಡಿ ಬಿಟ್ಟು ಹಿಂದೆಯೇ ಓಡಿದರು.

"ಇದೇನು, ಕೆನ್ನೆ ಯಾಕೆ ಹೀಗೆ?"

"ಅದು... ಮೌನವ್ರತ ತಾಯಿ. ಹಬ್ಬದ ಲೆಕ್ಕದ್ದು. ಬಾಯಲ್ಲಿ ತೀರ್ಥ ಇದೆ."

"ತೀರ್ಥವೇ!" ಗಿರಿಜಾಂಬಾ ಕೈ ಮುಗಿದೇ ಬಿಟ್ಟರು. "ಕೆಲಸ ಮಾಡ್ತಾ ಇಂಥ ವ್ರತ! ಬೆಳಗಿಂದ ಏನಾದರೂ ತಿಂದಿದ್ದಾಳೋ ಇಲ್ಲವೋ? ವ್ರತದವಳನ್ನ ಹಸಿದು ಕೂರಿಸಬಾರದು ಶೆಟ್ರೇ. ಒಂದು ಹಿಡಿ ದ್ರಾಕ್ಷಿ ಕೊಡಿ. ನಿಮ್ಮ ಕೈಯಿಂದಲೇ ಕೊಡಿ, ಪುಣ್ಯ ನಿಮಗೇ ಬರಲಿ."

ಶೆಟ್ಟರ ಕೈ ದ್ರಾಕ್ಷಿ ಬುಟ್ಟಿಗೆ ಇಳಿಯುವ ವೈಖರಿ ನೋಡಿದ್ದರೆ, ಅದರೊಳಗೆ ಹಾವಿದೆಯೇನೋ ಎನ್ನಬೇಕಿತ್ತು. ಆದರೆ ಶಿವನಂಜಮ್ಮ ಬಾಯಿ ತೆರೆಯಲಿಲ್ಲ. ನೀರು ನುಂಗಿದರೆ ನಾಳೆಯಿಂದ ಕೆಲಸವಿಲ್ಲ, ಹಾಗೆಂದವರೇ ಎದುರಿಗಿದ್ದಾರೆ. ಅವಳು ಶೆಟ್ಟರ ಮುಖವನ್ನೇ ನೋಡುತ್ತ ಕೂತಳು. ಗಿರಿಜಾಂಬಾ ಶೆಟ್ಟರನ್ನು ನೋಡಿದರು. ಪ್ರೇಮಮ್ಮನೂ ಹಾಡು ನಿಲ್ಲಿಸಿ ಶೆಟ್ಟರನ್ನೇ ನೋಡಿದಳು.

"ನುಂಗಮ್ಮ," ಎಂದರು ಶೆಟ್ಟರು, ತಮ್ಮದೇ ಹಲ್ಲು ಕೀಳಿಸಿಕೊಂಡವರ ದನಿಯಲ್ಲಿ. "ತೀರ್ಥ ನುಂಗು."

ಗುಟುಕ್ಕೆಂದಿತು. ಆಮೇಲೆ ಶಿವನಂಜಮ್ಮ ಒಂದೊಂದೇ ದ್ರಾಕ್ಷಿಯನ್ನು ನಿಧಾನವಾಗಿ ಅಗಿದು ತಿಂದಳು. ಆರು ವರ್ಷ ಕೈಯಲ್ಲಿ ಆಡಿಸಿದ್ದರ ರುಚಿ ತಿಳಿದದ್ದು ಅವತ್ತೇ. ಕೊಂಚ ಹುಳಿ.

ಗಿರಿಜಾಂಬಾ ಅಲ್ಲಿಗೇ ಬಿಡಲಿಲ್ಲ. ವ್ರತದವಳು ಗೋಣಿತಾಟಿನ ಮೇಲೆ ಕೂರುವುದುಂಟೇ ಎಂದರು, ಮಣೆ ಬಂತು. ಈ ಘಾಟಿನಲ್ಲಿ ದೇವರು ಹೇಗೆ ನಿಲ್ಲುತ್ತಾನೆ ಎಂದರು, ಮೆಣಸಿನ ಮೂಟೆ ಕಾಳಯ್ಯನ ಬೆನ್ನೇರಿ ಹಿತ್ತಿಲಿಗೆ ಹೋಯಿತು. ಕೊನೆಗೆ, "ಇವಳು ಕೈಯಾರೆ ಕಟ್ಟಿದ ದ್ರಾಕ್ಷಿ ಎರಡು ಸೇರು ಕೊಡಿ, ನಮ್ಮ ಭಜನಾ ಮಂಡಲಿಗೂ ಹೇಳ್ತೀನಿ," ಎಂದರು. ಮಾರನೆಯ ದಿನ ಅಂಗಡಿಯ ಮುಂದೆ ಮಡಿಸೀರೆಗಳ ಸಾಲು. ಹಬ್ಬ ಬರುವುದರೊಳಗೆ ದ್ರಾಕ್ಷಿ ಮೂರು ಸಲ ಖಾಲಿಯಾಯಿತು.

ಹಬ್ಬದ ಹಿಂದಿನ ದಿನ ಶಿವನಂಜಮ್ಮನಿಗೆ ಗಂಟಲು ಬಂತು. ಮೊದಲು ಮನೆಯಲ್ಲಿ ನಿಂಗಯ್ಯನ ಬಾಕಿ ಬೈಗುಳವನ್ನೆಲ್ಲ ತೀರಿಸಿ, ಆಮೇಲೆ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಹೋದಳು.

ಹಬ್ಬ ಕಳೆದ ಮೇಲೆ ಶೆಟ್ಟರು ಒಳಗೆ ಬಂದು ಮೆಲ್ಲಗೆ ಕೇಳಿದರು. "ಹಬ್ಬ ಮುಗೀತಲ್ಲಮ್ಮ. ಇನ್ನೆಷ್ಟು ದಿನ ಈ ವ್ರತ?"

ಶಿವನಂಜಮ್ಮ ಹತ್ತು ಬೆರಳನ್ನೂ ಎತ್ತಿ ತೋರಿಸಿದಳು.

"ಹತ್ತು ದಿನಾನಾ?"

ತಲೆ ಅಡ್ಡಡ್ಡ ಆಡಿತು.

"ಹತ್ತು ವಾರವಾ?"

"ವರ್ಸ ಅಂತೆ ಕಣ್ರೀ ಶೆಟ್ರೆ," ಎಂದಳು ಪ್ರೇಮಮ್ಮ ಪೊಟ್ಟಣಕ್ಕೆ ದಾರ ಸುತ್ತುತ್ತ. "ಸೋಮವಾರದಿಂದ ನಾನೂ ಕೂರ್ತೀನಿ."

ಶೆಟ್ಟರು ಬಾಯಿ ತೆರೆದರು. ಅಷ್ಟರಲ್ಲಿ ಹೊರಗಿನಿಂದ ಗಿರಿಜಾಂಬಾ ಅವರ ದನಿ ಕೇಳಿತು. "ಶೆಟ್ರೇ, ವ್ರತದ ದ್ರಾಕ್ಷಿ ಉಳಿದಿದೆಯಾ?"

ಶೆಟ್ಟರು ಇಬ್ಬರು ಹೆಂಗಸರನ್ನೂ ದ್ರಾಕ್ಷಿ ಬುಟ್ಟಿಯನ್ನೂ ಮತ್ತೆ ಮತ್ತೆ ನೋಡಿದರು.

"ಇದೆ ತಾಯಿ," ಎಂದರು. "ಬಂದೆ."