ಕಾಳಭೂಪನ ಬಾವಿ

ಮಾನ್ವಿ ಬಸ್ ಸ್ಟ್ಯಾಂಡಿನ ಎದುರು ಕುತುಬುದ್ದೀನನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಭಾನುವಾರ ಅದಕ್ಕೆ ರಜೆ. ಅವತ್ತು ಮಧ್ಯಾಹ್ನ ಯಂತ್ರಗಳನ್ನೆಲ್ಲ ಗೋಡೆಗೆ ಸರಿಸಿ, ನಡುವಿನ ಮೇಜು ಖಾಲಿ ಮಾಡಿ, ಮೂವರು ಗೆಳೆಯರು ಆಟಕ್ಕೆ ಕೂಡುತ್ತಿದ್ದರು. ಎಂಬತ್ತೈದನೆಯ ಇಸವಿಯ ಮಾತು.

ಆಟದ ಪುಸ್ತಕವನ್ನು ಕುತುಬುದ್ದೀನನ ತಮ್ಮ ದುಬೈಯಿಂದ ಕಳಿಸಿದ್ದ. ಒಬ್ಬ ಕಥೆ ಹೇಳಬೇಕು. ರಾಜ್ಯ, ಕೋಟೆ, ಕಾಡು, ಶತ್ರು ಎಲ್ಲವೂ ಅವನ ಕಲ್ಪನೆ. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ಹೊಕ್ಕು, ತಾವೇನು ಮಾಡುತ್ತೇವೆಂದು ಹೇಳುತ್ತ ಹೋಗಬೇಕು. ಗೆಲುವು ಸೋಲು ದಾಳದ ಕೈಯಲ್ಲಿ. ಕಥೆ ಹೇಳುವ ಹೊಣೆ ಗಡಿಗೆಪ್ಪನಿಗೆ ಬಂತು. ನೀರಾವರಿ ಕಚೇರಿಯಲ್ಲಿ ಕಾಲುವೆಗಳ ನಕ್ಷೆ ಬರೆಯುವವನು ಅವನು. ಎಲ್ಲೂ ಇಲ್ಲದ ರಾಜ್ಯಕ್ಕೂ ಹೊಳೆ, ತೂಬು ಸಮೇತ ನಕ್ಷೆ ಬರೆದಿಟ್ಟಿದ್ದ. ಕುತುಬುದ್ದೀನ್ ಕತ್ತಿ ಹಿಡಿದ ಸಿಪಾಯಿಯಾದ. ತಾಲೂಕು ಕಚೇರಿಯ ಗುಮಾಸ್ತ ತಾಯಣ್ಣ ಬಿಲ್ಲುಗಾರನಾದ.

ಆಟ ಕೆಟ್ಟಿದ್ದು ಖಳನಿಂದ. ಕಾಳಭೂಪನೆಂಬ ದೊರೆಯೊಬ್ಬನನ್ನು ಗಡಿಗೆಪ್ಪ ಹುಟ್ಟಿಸಿದ್ದ. ಅವನು ಊರು ಸುಡುತ್ತಿದ್ದ, ಹೆಂಗಸರನ್ನು ಸೆರೆ ಹಾಕುತ್ತಿದ್ದ, ಗಹಗಹಿಸಿ ನಗುತ್ತಿದ್ದ. ಮೂರು ತಿಂಗಳಿಗೆ ಕುತುಬುದ್ದೀನನಿಗೆ ಸಾಕಾಯಿತು.

"ಯಾಕ ನಗತಾನಪ್ಪ ಇವ?" ಎಂದ. "ಊರು ಸುಟ್ಟರ ಅವಗೇನು ಬರ್ತದ? ಇಂಥಾವನ್ನ ಕೊಂದರ ಹೆಗ್ಗಣ ಹೊಡದಂಗ. ತಾ ಮಾಡಿದ್ದು ಬರೋಬರಿ ಅದ ಅಂತ ನಂಬಿದವನ್ನ ತಗೊಂಡು ಬಾ. ಅವನ ಮುಂದ ನಿಂತರ ನನ್ನ ಕೈ ನಡುಗಬೇಕು."

ಆ ವಾರವೆಲ್ಲ ಗಡಿಗೆಪ್ಪನ ತಲೆಯಲ್ಲಿ ಅದೇ ಮಾತು. ಬುಧವಾರ ಕಚೇರಿ ಕೆಲಸಕ್ಕೆಂದು ರಾಯಚೂರಿಗೆ ಹೊರಟಿದ್ದ. ಬಸ್ಸು ಕಲ್ಮಲ ದಾಟುವಾಗ, ಯಾವ ಕಾರಣವೂ ಇಲ್ಲದೆ, ಅಪ್ಪ ನೆನಪಾದ.

ಅಪ್ಪ ವಿರೂಪಣ್ಣ ತೀರಿಕೊಂಡು ಆರು ವರ್ಷವಾಗಿತ್ತು. ಮಾತು ಕಡಿಮೆ; ಆಡುವ ಮುನ್ನ ಪ್ರತಿಸಲ ಗಂಟಲು ಸರಿಮಾಡಿಕೊಳ್ಳುವ ಮನುಷ್ಯ. ನಿಜಾಮನ ಕಾಲದಲ್ಲಿ, ಗಡಿಗೆಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗ, ದೇವದುರ್ಗದ ಕಡೆಯ ಅವರ ಹಳ್ಳಿಗೆ ಕಾಲರಾ ಬಂದಿತ್ತು. ಊರಿಗೆಲ್ಲ ಒಂದೇ ಒಳ್ಳೆಯ ಬಾವಿ. ಹಿರಿಯರು ವಿರೂಪಣ್ಣನ ಕೈಗೆ ಬಡಿಗೆ ಕೊಟ್ಟು, ಹೊರಗಿನವರು ಯಾರೂ ನೀರು ಮುಟ್ಟದಂತೆ ಕಾವಲಿಗೆ ನಿಲ್ಲಿಸಿದರು. ಕೊಡ ಹಿಡಿದು ಬಂದ ಹೆಂಗಸೊಬ್ಬಳನ್ನು ಅವನು ವಾಪಸು ಕಳಿಸಿದ. ಅವಳು ಸತ್ತಳು. ಊರು ಉಳಿಯಿತು. ಗಡಿಗೆಪ್ಪ ಅವ್ವನ ಬಾಯಿಂದ ಕೇಳಿದ್ದು ಇಷ್ಟೇ. ಅಪ್ಪ ಆ ಸುದ್ದಿ ಎತ್ತಿದವನಲ್ಲ.

ರಾಯಚೂರು ಮುಟ್ಟುವಷ್ಟರಲ್ಲಿ ಕಾಳಭೂಪ ಬೇರೆಯೇ ಮನುಷ್ಯನಾಗಿದ್ದ. ಅವನ ರಾಜ್ಯಕ್ಕೆ ಬೇನೆ ಬಂದಿದೆ. ಕೋಟೆಯೊಳಗೆ ಒಂದು ಬಾವಿ. ಸಾವಿರ ಜನರನ್ನು ಉಳಿಸಲು ಅವನು ಬಾಗಿಲು ಹಾಕಿಸಿದ್ದಾನೆ. ಹೊರಗೆ ಹೆಂಗಸೊಬ್ಬಳು ಸತ್ತಿದ್ದಾಳೆ.

ಆ ಭಾನುವಾರ ಸಿಪಾಯಿ, ಬಿಲ್ಲುಗಾರ ಇಬ್ಬರೂ ಕೋಟೆ ಹೊಕ್ಕು ಬಾವಿಯ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ ಕಾಳಭೂಪನೆದುರು ನಿಂತರು. ಅವನ ಮಾತನ್ನು ಗಡಿಗೆಪ್ಪ ಆಡಬೇಕಿತ್ತು. ಬಾಯಿ ತೆರೆಯುವ ಮೊದಲು ಗಂಟಲು ತಾನಾಗಿ ಸರಿಯಾಯಿತು. ಬಂದ ದನಿ ಅವನದಲ್ಲ. ತಡೆತಡೆದು ಬರುವ, ನೆಲ ನೋಡುತ್ತ ಆಡುವ ಅಪ್ಪನ ದನಿ.

"ಒಳಗ ಸಾವಿರ ಮಂದಿ ಇದ್ರು. ಆಕಿ ಒಬ್ಬಾಕಿ ಹೊರಗಿದ್ಲು. ನೀವಾಗಿದ್ರ ಏನು ಮಾಡತಿದ್ರಿ?"

ಕುತುಬುದ್ದೀನ್ ದಾಳ ಕೆಳಗಿಟ್ಟ. "ಯಾ ಅಲ್ಲಾ, ಇವನ್ನ ಹ್ಯಾಂಗ ಕೊಲ್ಲಲಿ?" ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ತಾಯಣ್ಣನ ಕಣ್ಣಲ್ಲಿ ಹನಿಯಿರಲಿಲ್ಲ. "ಒಂದು ಮಾತು ಕೇಳ್ತೀನ್ರಿ," ಎಂದ. ಎಂಟು ವರ್ಷದ ಗೆಳೆತನದಲ್ಲಿ ಬಿಟ್ಟುಹೋಗಿದ್ದ 'ರೀ' ಮತ್ತೆ ಬಂದಿತ್ತು. "ಆ ಹೆಣ್ಮಗಳು ಯಾರು?"

"ಯಾರೋ ಹೊರಗಿನಾಕಿ."

"ಹೊರಗ ಅಂದ್ರ? ಬ್ಯಾರೆ ಊರಾಕಿಯೋ, ಊರ ಹೊರಗಿನಾಕಿಯೋ?"

ಗಡಿಗೆಪ್ಪ ನಕ್ಷೆ ನೋಡುತ್ತ ಕುಳಿತ.

"ದೊರಿ ಪೈಕಿ ಯಾರಾರ ಅವತ್ತ ಕೊಡ ಹಿಡಕೊಂಡು ಬಂದಿದ್ರ ನೀರು ಕೊಡತಿದ್ನೇನು ಇವ?"

"ನನಗ ಗೊತ್ತಿಲ್ಲ."

"ನಿಮಗ ಗೊತ್ತಿಲ್ಲಾಂದ್ರೂ ನಡೀತದ. ಅವಗ ಗೊತ್ತಿರಬೇಕಲ್ರೀ. ಅವಗ ಸಂಕಟ ಕೊಟ್ರಿ, ಚಲೋ ಮಾತು ಕೊಟ್ರಿ. ಖರೇ ಮಾತು ಒಂದು ಕೊಡಲಿಲ್ಲ." ತಾಯಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ.

ಮರುದಿನದಿಂದ ಅಪ್ಪ ಕಚೇರಿಗೂ ಬರತೊಡಗಿದ. ಹತ್ತು ಜನ ಕೆಲಸ ಮಾಡುವ ಕೋಣೆಯಲ್ಲಿ, ಸುಡುವ ಬಿಸಿಲ ಹೊತ್ತಿನಲ್ಲಿ, ಕುರ್ಚಿಯ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡಂತಾಗುತ್ತಿತ್ತು. ಗಡಿಗೆಪ್ಪ ತಿರುಗಿದರೆ ಗೋಡೆ. ಗುರುವಾರ ಸಾಹೇಬರು ಕರೆದು ಹಾಳೆಯೊಂದನ್ನು ಮುಂದಿಟ್ಟರು. ಬರೀ ಕಾಲುವೆ ಇರಬೇಕಾದ ನಕ್ಷೆಯಲ್ಲಿ, ಗದ್ದೆಗಳ ನಡುವೆ, ಸಣ್ಣದೊಂದು ವೃತ್ತ. ಬಾವಿಯ ಗುರುತು. ಇದನ್ನು ಯಾವಾಗ ಬರೆದೆನೆಂದು ಅವನಿಗೇ ತಿಳಿಯಲಿಲ್ಲ.

ಶನಿವಾರ ರಜೆ ಹಾಕಿ ದೇವದುರ್ಗಕ್ಕೆ ಹೋದ. ಅವ್ವ ಹಂಪಮ್ಮ ಅಲ್ಲಿ ಮಗಳ ಮನೆಯಲ್ಲಿದ್ದಳು. ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು.

"ಯವ್ವಾ, ಅಪ್ಪ ಬಾವಿ ಕಾಯ್ದನಲ್ಲ, ಅವತ್ತ ಬಂದಾಕಿ ಯಾರು?"

ಅವ್ವ ಮೊರ ಕೆಳಗಿಟ್ಟಳು. "ಕೇರಿ ಯಮನಮ್ಮ. ಕೂಸು ಬಗಲಾಗಿತ್ತು."

"ಬ್ಯಾರೆ ಯಾರಿಗೂ ನೀರು ಕೊಡಲಿಲ್ಲೇನು?"

"ಗೌಡರ ಮನಿಯಾಗೂ ಇಬ್ಬರಿಗೆ ವಾಂತಿ ಹಿಡಿದಿತ್ತು. ಅವರ ಸೊಸಿ ಬಂದಾಗ ನಿಮ್ಮಪ್ಪನೇ ನೀರು ಸೇದಿ ಕೊಟ್ಟ."

ಮುಂದಿನದನ್ನು ಅವ್ವ ತಾನೇ ಹೇಳಿದಳು. ಆ ವರ್ಷ ಊರಲ್ಲೆಲ್ಲ ಬೇನೆ ತರುವ ದೇವತೆ ಒಳಗೆ ಬರಬಾರದೆಂದು ಬಾಗಿಲಲ್ಲಿ ನಿಂತು 'ನಾಳಿ ಬಾ' ಎಂದು ಸಾಗಹಾಕುತ್ತಿದ್ದರಂತೆ. "ಅದನ್ನ ನಿಮ್ಮಪ್ಪ ಯಮನಮ್ಮಗ ಅಂದ, ನಾ ಅಲ್ಲೇ ಬಾವಿ ಹತ್ರ ಇದ್ದೆ. ನಾಳಿ ಬಾ, ಅಂದ. ಆಮ್ಯಾಲ ಸಾಯೋತನಕ ಆ ಬಾವಿ ನೀರು ಕುಡೀಲಿಲ್ಲ. ಹಳ್ಳದಿಂದ ತರತಿದ್ದ. ಯಾಕಂತ ನಾನೂ ಕೇಳಲಿಲ್ಲ, ಅಂವಾನೂ ಹೇಳಲಿಲ್ಲ."

ಭಾನುವಾರ ಗಡಿಗೆಪ್ಪ ತಾಯಣ್ಣನ ಮನೆಗೇ ಹೋಗಿ ಕರೆದುಕೊಂಡು ಬಂದ. ಮೂವರೂ ಕುಳಿತರು. ಕಾಳಭೂಪ ಗಂಟಲು ಸರಿಮಾಡಿಕೊಂಡ.

"ನಮ್ಮ ಪೈಕಿಯವರಾದ್ರ ಕೊಡತಿದ್ದೆ," ಎಂದ. "ಅವತ್ತ ಕೊಟ್ಟೆ. ದೊಡ್ಡ ಮನಿಯಾಗೂ ಬ್ಯಾನಿ ಇತ್ತು. ಅವರಿಗೆ ನಾನೇ ಸೇದಿ ಕೊಟ್ಟೆ. ಆಕಿಗೆ ಕೊಡಲಿಲ್ಲ."

ಕುತುಬುದ್ದೀನ್ ದಾಳ ಹಿಡಿದ. "ತಡಿ, ಇವನ್ನ ಮುಗಿಸಿ ಬಿಡ್ತೀನಿ."

"ಬ್ಯಾಡ," ಎಂದ ತಾಯಣ್ಣ. "ಆಕಿ ಹೆಸರೇನು ಅಂತ ಕೇಳು."

"ಯಮನಮ್ಮ."

ಹೆಸರು ಕಿವಿಗೆ ಬಿದ್ದದ್ದೇ ತಾಯಣ್ಣ ತಲೆಯೆತ್ತಿದ. ಅದು ನಕ್ಷೆಯಲ್ಲಿದ್ದ ರಾಜ್ಯದವರಿಗೆ ಇಡುವಂಥ ಹೆಸರಲ್ಲ. "ಇದು ಆಟದ್ದಲ್ಲ," ಎಂದ.

"ಅಲ್ಲ. ನಮ್ಮಪ್ಪಂದು."

ಹೊರಗೆ ಸಿರವಾರದ ಬಸ್ಸಿಗೆ ಯಾರೋ ಕೂಗುತ್ತಿದ್ದರು. ಕೊನೆಗೆ ತಾಯಣ್ಣನೇ, "ನಮ್ಮವ್ವನೂ ಕೇರಿಯಾಕಿ. ಇಂಥಾ ಬಾವಿ ನಾಕು ನೋಡ್ಯಾಳ. ಆಕಿ ಹ್ಯಾಂಗೋ ಉಳಿದ್ಲು. ಅದಕ್ಕ ನಾ ಇಲ್ಲಿ ಕುಂತೀನಿ," ಎಂದ. ಆಮೇಲೆ, "ಯಮನಮ್ಮನ ಮಂದಿ ಯಾರಾರ ಅದಾರೇನು?" ಎಂದು ಕೇಳಿದ.

ಮುಂದಿನ ವಾರ ಗಡಿಗೆಪ್ಪ, ತಾಯಣ್ಣ ಇಬ್ಬರೂ ಆ ಹಳ್ಳಿಗೆ ಹೋದರು. ಕೇರಿಯ ಕಡೆಯ ಮನೆಯಲ್ಲಿ ಯಮನಮ್ಮನ ತಂಗಿ ಕನಕಮ್ಮ ಇದ್ದಳು, ಐವತ್ತು ದಾಟಿದವಳು. ಬೇವಿನ ನೆರಳಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದಳು. ಗಡಿಗೆಪ್ಪ ನಿಂತುಕೊಂಡೇ ತಾನು ಯಾರ ಮಗನೆಂದು ಹೇಳಿದ.

ಕನಕಮ್ಮ ಅವನ ಮುಖವನ್ನೇ ನೋಡಿದಳು. "ಅಕ್ಕ ಬರೀ ಕೊಡ ತಗೊಂಡು ಬಂದ್ಲು. ಏನಂದ್ರು ಅಂತ ಕೇಳಿದ್ರ ಹೇಳಲೇ ಇಲ್ಲ. ನಿಮ್ಮಪ್ಪ ಏನಂದಿದ್ದ ಆಕಿಗೆ?"

ಗಡಿಗೆಪ್ಪ ತಾಯಣ್ಣನತ್ತ ನೋಡಿದ. ತಾಯಣ್ಣ ಕದಲಲಿಲ್ಲ.

"ನಾಳಿ ಬಾ ಅಂದಿದ್ನಂತ."

ಕನಕಮ್ಮ ಹಗ್ಗ ಪಕ್ಕಕ್ಕಿಟ್ಟಳು. "ಅದಕ್ಕನ," ಎಂದಳು ನಿಧಾನಕ್ಕೆ. "ಅಷ್ಟು ಬ್ಯಾನಿಯಾಗೂ ಕೂಸಿಗೆ ಹೇಳತಿದ್ಲು. ಮುಂಜಾನಿ ತನಕ ತಡಿಯಪ್ಪ, ಮುಂಜಾನಿ ಕೊಡತಾರ ಅಂತ. ನಿತ್ರಾಣದಾಗ ಏನೋ ಬಡಬಡಸ್ತಾಳ ಅಂತ ನಾವು ತಿಳಿದಿದ್ವಿ. ಆಕಿ ಅವನ ಮಾತು ನಂಬಿದ್ಲು."

ಅವಳು ಬೈಯಲಿಲ್ಲ. ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಗಡಿಗೆಪ್ಪ ನೆಲದ ಮೇಲೆ ಕುಳಿತ. ತಾಯಣ್ಣ ಅವನನ್ನು ಎಬ್ಬಿಸಲಿಲ್ಲ. ತಾನೂ ಪಕ್ಕದಲ್ಲಿ ಕುಳಿತ. ಬಿಸಿಲು ಇಳಿಯುವವರೆಗೆ ಮೂವರೂ ಹಾಗೆಯೇ ಇದ್ದರು. ನಡುವೆ ಒಮ್ಮೆ ಕನಕಮ್ಮ, ಯಾರಿಗೂ ಅಲ್ಲದಂತೆ, ಅಕ್ಕನ ಸಂಗಡವೇ ತೀರಿಹೋದ ಕೂಸಿನ ಹೆಸರು ಹೇಳಿದಳು.