ಚಿಂದಿಯ ಸುದ್ದಿ

"ಗದ್ದ ಸ್ವಲ್ಪ ಮೇಲಕ್ಕೆತ್ತಿ ಹಿಡ್ಕೊಳಮ್ಮ. ಹಾಂ, ಅಷ್ಟೇ. ಬದುಕಿದ್ದಾಗಲೂ ಹೀಗೇ, ಸಲೀಸಾಗಿ ಕತ್ತು ಕೊಟ್ಟ ಆಸಾಮಿಯೇ ಅಲ್ಲ ಇವನು."

ಹೆಣದ ಕೆನ್ನೆಗೆ ಸೋಪಿನ ನೊರೆ ಹಚ್ಚುತ್ತಿದ್ದವನು ಪಕ್ಕದ ಕ್ಷೌರದಂಗಡಿಯವನು. ಮೂವತ್ತು ವರ್ಷದಿಂದ ಅಪ್ಪನ ಗೆಳೆಯ. ಅವಳು ಚಿಕ್ಕಂದಿನಿಂದ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಈಗ ಎರಡೂ ಕೈಯಲ್ಲಿ ಅಪ್ಪನ ತಲೆ ಹಿಡಿದು ಕೂತಿದ್ದಳು. ಸುದ್ದಿ ತಿಳಿದೊಡನೆ ಗಂಡನ ಜೊತೆ ಮೊದಲ ಬಸ್ಸು ಹತ್ತಿ ಬಂದವಳು, ಇನ್ನೂ ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ.

ಮಾವ ಕತ್ತಿಯನ್ನು ಅಂಗೈಗೆ ಎರಡು ಸಲ ಸವರಿಕೊಂಡ.

"ಅಂದ ಹಾಗೆ, ಚಿಂದೀನ ಯಾರ ಹತ್ರ ಬಿಟ್ಟು ಬಂದೆ?"

ಅವಳ ಹಿಡಿತ ಸಡಿಲವಾಗಿ ಅಪ್ಪನ ತಲೆ ಒಂದು ಬದಿಗೆ ವಾಲಿತು.

"ಪಕ್ಕದ ಮನೆಯವರ ಹತ್ರ."

"ಒಳ್ಳೇದಾಯ್ತು. ಸಾಧು ಜನ ತಾನೇ? ಬೆಕ್ಕಿನ ಸಂಕಟ ಎಲ್ಲರಿಗೂ ಗೊತ್ತಾಗಲ್ಲ."

ಬಾಗಿಲಿಗೆ ಒರಗಿ ನಿಂತಿದ್ದ ಅವಳ ಗಂಡ ಕತ್ತೆತ್ತಿ ನೋಡಿದ. ಅವರ ಮನೆಯಲ್ಲಿ ಬೆಕ್ಕಿರಲಿಲ್ಲ. ಯಾವತ್ತೂ ಇರಲಿಲ್ಲ.

*

ಅಪ್ಪ ಸೀಟು ಹೊಲಿಯುವವನು. ಸ್ಕೂಟರಿನದು, ಲಾರಿಯದು, ಹೋಟೆಲಿನ ಕುರ್ಚಿಯದು, ಹಲ್ಲಿನ ಡಾಕ್ಟರು ರೋಗಿಗಳನ್ನು ಮಲಗಿಸುವ ಉದ್ದ ಕುರ್ಚಿಯದು. "ಈ ಊರಿನ ಅರ್ಧ ಜನ ಕೂತಿರೋದೇ ನನ್ನ ಕೈಮೇಲೆ" ಎನ್ನುವುದು ಅವನ ಹಳೇ ಜೋಕು. ಹೆಂಡತಿ ಹೋದ ಮೇಲೆ, ಮಗಳ ಮದುವೆಯಾದ ಮೇಲೆ, ಅಂಗಡಿಯ ಹಿಂದಿನ ಕೋಣೆಯೇ ಅವನಿಗೆ ಮನೆಯಾಯಿತು.

ನಾಲ್ಕು ವರ್ಷದ ಹಿಂದೆ ಆ ಅಂಗಡಿಯ ಮೆಟ್ಟಿಲಿಗೆ ಒಂದು ಬೂದು ಬೆಕ್ಕು ಬಂತು. ಹೊಟ್ಟೆ ನೆಲಕ್ಕೆ ತಾಗುವಷ್ಟು ಜೋತಿತ್ತು. ಎರಡು ದಿನ ಅಪ್ಪ ಅದನ್ನು ಹುಶ್ ಹುಶ್ ಎಂದು ಓಡಿಸಿದ. ಮೂರನೇ ದಿನ ತಾನೇ ಸ್ಪಂಜಿನ ಚೂರು ತುಂಬುವ ಗೋಣಿಯ ಬಾಯಿ ಬಿಚ್ಚಿ ಮೂಲೆಯಲ್ಲಿಟ್ಟ.

"ತುಂಬು ಬಸುರಿ ಬಾಗಿಲಿಗೆ ಬಂದಿದೆ. ಹೋಗು ಅನ್ನೋಕೆ ನಂಗೆ ಬಾಯಿ ಬರಲಿಲ್ಲ ಕಣೆ" ಎಂದು ಫೋನಿನಲ್ಲಿ ಹೇಳಿದ್ದ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನ ದನಿಯಲ್ಲಿ.

ಆ ಗೋಣಿಯೊಳಗೆ ನಾಲ್ಕು ಮರಿ ಹುಟ್ಟಿದವು. ಅವು ಕಣ್ಣು ಬಿಟ್ಟು ವಾರವಾಗುವಷ್ಟರಲ್ಲಿ ತಾಯಿಬೆಕ್ಕು ಹೊರಗೆ ಹೋದದ್ದು ತಿರುಗಿ ಬರಲಿಲ್ಲ. ಅಪ್ಪ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುವ ಹೊಸ ಬುಡ್ಡಿಯೊಂದನ್ನು ತಂದು ಕುದಿಸಿ ತೊಳೆದು, ಅದರ ಮೂತಿಯಿಂದ ಒಂದೊಂದಕ್ಕೂ ಹನಿ ಹನಿ ಹಾಲು ಹಾಕಿದ. ಗಿರಾಕಿಗಳು ಬಂದರೆ, "ಇರಿ, ಮಕ್ಕಳ ಊಟ ಆಗ್ಲಿ" ಎನ್ನುತ್ತಿದ್ದನಂತೆ. ನಾಲ್ಕೂ ಉಳಿದವು. ಒಂದನ್ನು ಮಾವ ಒಯ್ದ, ಒಂದನ್ನು ಸೈಕಲ್ ಶಾಪಿನವನು, ಒಂದನ್ನು ಸ್ಕೂಲಿನ ಗೇಟು ಕಾಯುವ ಅಕ್ಕ. ಹಿಂಗಾಲು ಸೊಟ್ಟಗಿದ್ದ ಹೆಣ್ಣುಮರಿ ಮಾತ್ರ ಯಾರಿಗೂ ಬೇಡವಾಯಿತು. ಅಪ್ಪನಿಗೆ ಬೇಕಾಗಿದ್ದದ್ದೂ ಅದೇ. ಬಟ್ಟೆಯ ಚೂರುಗಳ ಜೊತೆ ಹೊರಳಿ ಬೆಳೆದದ್ದಕ್ಕೆ ಚಿಂದಿ ಎಂದು ಕರೆದ.

ಆಮೇಲೆ ಅಪ್ಪನಿಗೆ ಉಬ್ಬಸ ಹಿಡಿಯಿತು. ಇಷ್ಟು ವರ್ಷದ ಸ್ಪಂಜಿನ ಧೂಳು ಎದೆಯಲ್ಲಿ ಕೂತಿದೆ, ಅದರ ಮೇಲೆ ಈ ಕೂದಲು ಬೇರೆ ಎಂದು ಡಾಕ್ಟರು ಬೈದರು. "ಬೆಕ್ಕು ಬೇಕೋ ಉಸಿರು ಬೇಕೋ, ನೀವೇ ಹೇಳಿ." ಅಪ್ಪ ಚಪ್ಪಲಿ ನೋಡುತ್ತ ಕೂತ. ನೋಡಲಾಗದೆ, ಜೊತೆಗೆ ಬಂದಿದ್ದ ಮಗಳೇ ಬಾಯಿ ಹಾಕಿದಳು: "ನಾನು ಸಾಕ್ತೀನಿ ಅಪ್ಪ. ನಮ್ಮನೇಲಿ ಆರಾಮಾಗಿರ್ತಾಳೆ."

ಅವಳಿದ್ದದ್ದು ಬಾಡಿಗೆ ಮನೆ. ಪ್ರಾಣಿ ಸಾಕುವಂತಿಲ್ಲ ಎಂದು ಮಾಲೀಕರು ಮೊದಲ ದಿನವೇ ಹೇಳಿದ್ದರು. ಹೇಗೋ ಒಪ್ಪಿಸಿದರಾಯಿತು ಅಂದುಕೊಂಡಳು. ಬಸ್ಸಿನಲ್ಲಿ ಚಿಂದಿ ಚೀಲದೊಳಗೇ ಗಲೀಜು ಮಾಡಿಕೊಂಡು ಒಂದೇ ಸಮ ಕಿರುಚಿತು. ಪಕ್ಕದವರು ಎದ್ದು ಹೋದರು, ಕಂಡಕ್ಟರು ಎರಡು ಸಲ ಬೈದ. ದಾರಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತ ಕಡೆ, ಒಂದು ಹೋಟೆಲಿನ ಹಿಂದೆ, ಎಂಜಲೆಲೆ ಸುರಿಯುವ ಜಾಗದಲ್ಲಿ ಅವಳು ಚೀಲದ ಜಿಪ್ಪು ಎಳೆದಳು. ಇಲ್ಲಿ ಊಟಕ್ಕೇನೂ ಕೊರತೆಯಿಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಹಿಂದೆ ನೋಡದೆ ಬಸ್ಸು ಹತ್ತಿದಳು. ಸಂಜೆ ಕೆಲಸದಿಂದ ಬಂದ ಗಂಡ ಮರಿ ಎಲ್ಲಿ ಎಂದು ಕೇಳಿದಾಗ, "ಯಾರೋ ಒಳ್ಳೇವರು ತಗೊಂಡ್ರು" ಎಂದಳು.

ಅದಕ್ಕೆ ಮೊದಲೇ, ಮನೆಯ ಬೀಗ ತೆಗೆಯುವಷ್ಟರಲ್ಲಿ ಅಪ್ಪನ ಫೋನು ಬಂದಿತ್ತು.

"ಮುಟ್ಟಿದ್ಲಾ?"

"ಮುಟ್ಟಿದ್ಲು ಅಪ್ಪ."

ಶುರುವಾದದ್ದು ಆ ಒಂದೇ ಮಾತಿನಿಂದ.

*

ಹೊರಗೆ ಬೆಂಚುಗಳ ಮೇಲೆ ಜನ ಕೂತಿದ್ದರು. ಹೂವು ಬರುವುದು ತಡವಾಗಿತ್ತು. ಕೆಲಸವಿಲ್ಲದ ಸಾವಿನ ಮನೆಯಲ್ಲಿ ಮಾತು ಎಲ್ಲೆಲ್ಲೋ ಸುತ್ತಿ ಮತ್ತೆ ಬೆಕ್ಕಿಗೇ ಬರುತ್ತಿತ್ತು.

"ಪ್ರತಿ ಸೋಮವಾರ ನನ್ನ ಗೇಟಿನ ಹತ್ರ ನಿಂತು ಚಿಂದಿ ಸುದ್ದಿ ಹೇಳದೆ ಮುಂದೆ ಹೋಗ್ತಿರಲಿಲ್ಲಪ್ಪ" ಎಂದಳು ಗೇಟು ಕಾಯುವ ಅಕ್ಕ, ಕಣ್ಣೊರೆಸಿಕೊಳ್ಳುತ್ತ. "ಭಾನುವಾರ ನೀನು ಫೋನಲ್ಲಿ ಹೇಳಿದ್ದು, ಸೋಮವಾರ ನಮಗೆ. ಮೂರು ಮರಿ ಹಾಕಿದ್ಲು ಅಂತ ಹೇಳಿದ ದಿನ ಸ್ಟಾಫ್ ರೂಮಿಗೆಲ್ಲ ಬಿಸ್ಕತ್ತು ಹಂಚಿದ್ದ."

ಸೈಕಲ್ ಶಾಪಿನವನು ಗಂಡನ ಕಡೆ ತಿರುಗಿ, "ನಿಮ್ಮ ಎದೆ ಮೇಲೇ ಮಲಗೋದಂತಲ್ಲ ಸಾರ್ ಅದು? ನಿಮ್ಮ ಗೊರಕೆಗೆ ತಾಳ ಹಾಕೋ ಹಾಗೆ ಗುರ್ ಅಂತದಂತೆ!" ಎಂದ.

ನಾಲ್ಕಾರು ಜನ ನಕ್ಕರು. ನಕ್ಕು, ಎಲ್ಲಿದ್ದೇವೆ ಎಂದು ನೆನಪಾಗಿ ತಲೆ ತಗ್ಗಿಸಿದರು. ಗಂಡ ಅವಳ ಮುಖ ನೋಡಿದ. ಅವಳು ಕಾಲಬೆರಳು ನೋಡಿದಳು.

"ಹೂಂ," ಎಂದ ಅವನು ನಿಧಾನವಾಗಿ. "ಸ್ವಲ್ಪ ಭಾರ."

ಅವನು ತನ್ನನ್ನು ಕಾಪಾಡಿದ ಎಂದು ಅವಳಿಗೆ ತಿಳಿಯಿತು. ಸಮಾಧಾನವಾಗಲಿಲ್ಲ. ಸುಳ್ಳಿಗೆ ಇನ್ನೊಬ್ಬರ ಹೆಗಲೂ ಸಿಕ್ಕಂತಾಯಿತಷ್ಟೆ.

*

ಭಾನುವಾರದ ಫೋನನ್ನು ಗಂಡ ಮನೆಯಲ್ಲಿಲ್ಲದ ಹೊತ್ತು ನೋಡಿ ಅವಳೇ ಮಾಡುತ್ತಿದ್ದಳು. ಮೊದಮೊದಲು ಅಪ್ಪ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು. ತಿಂದಳು, ಮಲಗಿದಳು, ಚೆನ್ನಾಗಿದ್ದಾಳೆ. ಅಪ್ಪನ ದನಿ ಅರಳುವುದು ಕೇಳಿ ಒಂದೊಂದೇ ಸೇರಿಸಿದಳು. ಇಲಿ ಕಂಡು ಓಡಿಬಂದು ಮೇಜು ಹತ್ತಿದ್ದು. ತೊಳೆಯಲು ಹಾಕಿದ ಬಟ್ಟೆಯೊಳಗೆ ಮರಿ ಹಾಕಿದ್ದು. ಶುಕ್ರವಾರ ಬಂತೆಂದರೆ ತರಕಾರಿ ಹೆಚ್ಚುತ್ತಲೇ ಈ ಭಾನುವಾರ ಏನು ಹೇಳಲಿ ಎಂದು ಯೋಚಿಸುವಳು. ಕೆಲವು ಸಲ ಅವಳಿಗೇ ನಗು ಬರುತ್ತಿತ್ತು.

ಒಂದು ಭಾನುವಾರ ಅಪ್ಪ, "ಎರಡು ದಿನದ ಮಟ್ಟಿಗೆ ಬಂದು ಹೋಗ್ಲಾ? ನಿನ್ನ ಮನೇನೂ ನೋಡಿಲ್ಲ ನಾನು" ಎಂದ.

ಅವಳು ಥಟ್ಟನೆ ಅಂದಳು: "ಡಾಕ್ಟ್ರು ಏನಂದಿದ್ದಾರೆ, ಮರ್ತೋಯ್ತಾ? ಮನೆ ತುಂಬ ಅವಳ ಕೂದಲು. ನಾನೇ ಬರ್ತೀನಿ ಬಿಡಿ."

ಆ ಕಡೆ ಉಸಿರಿನ ಸಿಳ್ಳು ಕೇಳಿಸಿತು. "ಹೌದಲ್ಲ," ಎಂದ ಅಪ್ಪ. "ಪಾಪ, ಅವಳಿಗೆ ಯಾಕೆ ತೊಂದರೆ."

ಆಮೇಲೆ ಕೇಳಲಿಲ್ಲ. ಅವಳೇ ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಿದ್ದಳು, ಬೆಳಗ್ಗೆ ಬಂದು ಸಂಜೆಗೆ. ಬೆಕ್ಕಿಗೆ ಊಟ ಹಾಕಬೇಕಲ್ಲ ಎಂದು ಅಪ್ಪನೇ ಅವಸರ ಮಾಡಿ ಬಸ್ಸು ಹತ್ತಿಸುತ್ತಿದ್ದ.

*

ಮಣ್ಣು ಮಾಡಿ ಬಂದು ಜನ ಚದುರಿದ ಮೇಲೆ ಅವಳು ಅಂಗಡಿಯೊಳಗೆ ಹೋದಳು. ಮಿಷನ್ನಿನ ಸೂಜಿಯ ಕೆಳಗೆ ಅರ್ಧ ಹೊಲಿದ ಸ್ಕೂಟರ್ ಸೀಟು ಹಾಗೇ ಇತ್ತು. ಮಾವ ಹಿಂದೆಯೇ ಬಂದು ಸ್ಟೂಲಿನ ಮೇಲೆ ಕೂತ.

"ಹೋದ ವರ್ಷ ಒಂದಿನ ನನ್ನ ಕರ್ಕೊಂಡು ಬಸ್ ಸ್ಟ್ಯಾಂಡಿಗೆ ಹೋದ. ಹೊಸ ಅಂಗಿ, ಕೈಯಲ್ಲಿ ಚೀಲ. ನಿನಗೆ ಹೇಳದೆ ಬಂದು ನಿಲ್ಲಬೇಕು ಅಂತ. ಬಸ್ಸು ಬಂತು. ಎದ್ದ. ಮತ್ತೆ ಕೂತ. 'ನಾನು ಹೋದ್ರೆ ನನ್ನ ಮಗಳು ಚಿಂದೀನ ಹೊರಗೆ ಕಟ್ತಾಳೆ ಕಣೋ, ನನಗೋಸ್ಕರ. ಅದು ಚಿಂದಿ ಮನೆ, ನಾನ್ಯಾಕೆ ಹೊರಗೆ ಹಾಕಿಸ್ಲಿ' ಅಂದ. ವಾಪಸ್ ಬಂದ್ವಿ."

ಅವಳು ಸೀಟಿನ ಅಂಚನ್ನು ಹಿಡಿದುಕೊಂಡಳು.

"ಮಾವ, ಬೆಕ್ಕಿಲ್ಲ."

"ಅಯ್ಯೋ. ಯಾವಾಗ ಹೋಯ್ತು?"

"ಮನೆಗೇ ಬರಲಿಲ್ಲ. ದಾರೀಲೇ ಬಿಟ್ಟೆ. ಅವತ್ತೇ. ಅಪ್ಪನಿಗೆ ಹೇಳಿದ್ದೆಲ್ಲ..."

ಬೈದರೆ ಬೈಯಲಿ ಎಂದು ಕಾದಳು. ಮಾವ ಬೈಯಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಮುಂದಕ್ಕೆ ಬಾಗಿದ.

"ಅಂದ್ರೆ," ಎಂದ, "ಅವನು ಬರಬಹುದಿತ್ತು."

"ಹೂಂ."

"ನಾಲ್ಕು ವರ್ಷಾನೂ ಬರಬಹುದಿತ್ತು."

ಅವಳು ತಲೆಯಾಡಿಸಿದಳು. ಮಾವ ಎದ್ದ. ಬಾಗಿಲವರೆಗೆ ಹೋದವನು ನಿಂತು, ಹಿಂದಕ್ಕೆ ಬಂದು, ಅಟ್ಟದ ಮೇಲಿಂದ ಒಂದು ಕೈಚೀಲ ಇಳಿಸಿ ಅವಳ ಮುಂದಿಟ್ಟ.

"ಈ ಭಾನುವಾರ ಹೊರಡೋನಿದ್ದ. ಈ ಸಲ ಉಪಾಯ ಮಾಡ್ಕೊಂಡಿದ್ದೀನಿ, ಯಾರಿಗೂ ತೊಂದರೆಯಿಲ್ಲ ಅಂದ. ನನ್ನ ಅಂಗಡಿ ಕನ್ನಡೀಲಿ ಹಾಕ್ಕೊಂಡು ನೋಡಿ, ಕಳ್ಳನ ಹಾಗೆ ಕಾಣ್ತೀನೇನೋ ಅಂತ ಕೇಳಿದ." ಅವಳ ತಲೆಯ ಮೇಲೆ ಕೈಯಿಡಲು ಹೋದ ಮಾವ ಇಡದೆ ಹೊರಟುಹೋದ.

ಚೀಲದಲ್ಲಿ ಒಂದು ಅಂಗಿ, ಒಂದು ಟವೆಲು. ಅವುಗಳ ಮೇಲೆ ಸೀಟಿನ ಒಳಪದರಕ್ಕೆ ಹಾಕುವ ಬಿಳಿ ಬಟ್ಟೆಯಿಂದ ಹೊಲಿದ ಒಂದು ಮುಖಗವಸು. ಮೂರು ಪದರ, ಅಂಚಿಗೆ ಜೋಡಿ ಹೊಲಿಗೆ, ಒಂದು ನೂಲೂ ಆಚೀಚೆ ಹೋಗಿರಲಿಲ್ಲ. ಒಳಗೆ, ಮೂಗು ಬರುವ ಕಡೆ, ಉಜ್ಜದಿರಲೆಂದು ಮೆತ್ತನೆಯ ಫ್ಲಾನೆಲ್ ಬಟ್ಟೆ ಕೂರಿಸಿದ್ದ. ಅದನ್ನು ಕಟ್ಟಿಕೊಂಡು ಎರಡು ದಿನ ಅವಳ ಮನೆಯಲ್ಲಿ ಕೂತಿರಬೇಕೆಂದುಕೊಂಡಿದ್ದ.

ಹೊರಗಿನಿಂದ ಗಂಡ ಕರೆದ. ಅವಳು ಗವಸನ್ನೆತ್ತಿ ಮುಖಕ್ಕೆ ಹಾಕಿಕೊಂಡಳು. ದಾರಗಳಿಗೆ ಅಪ್ಪ ತನ್ನ ತಲೆಯ ಅಳತೆ ನೋಡಿ ಮೊದಲೇ ಗಂಟು ಹಾಕಿಟ್ಟಿದ್ದ. ಅದು ಅವಳ ಮುಖದ ಮೇಲೆ ನಿಲ್ಲದೆ, ಕೆನ್ನೆ ಸವರಿಕೊಂಡು ಕೊರಳಿಗೆ ಜಾರಿತು.